ಹಸಿರು ಬಳಿದ ನಕಲು

ಖಾನಾಪುರದ ಆ ಗೋಡಂಬಿ ಕಾರ್ಖಾನೆಗೆ ನಾನು ಹೋಗಿದ್ದು ನಾನೇ ಮಾರಿದ್ದ ಬೀಜ ಒಡೆಯುವ ಯಂತ್ರದ ಅಲಗು ಬದಲಿಸಲು. ಶೆಡ್ಡಿನಲ್ಲಿ ಹೆಂಗಸರು ಸಿಪ್ಪೆಯ ಸೊನೆ ಸುಡದಂತೆ ಕೈಗೆ ಎಣ್ಣೆ ಸವರಿಕೊಂಡು, ಮರಾಠಿಯಲ್ಲಿ ಹರಟುತ್ತ ಕೆಲಸ ಮಾಡುತ್ತಿದ್ದರು. ನನ್ನ ನೀಲಿ ಯಂತ್ರದ ಪಕ್ಕದಲ್ಲಿ ಹಸಿರು ಬಣ್ಣದ ಇನ್ನೊಂದು ಯಂತ್ರವಿತ್ತು.

"ಇದು ಯಾವಾಗ ಬಂತ್ರಿ?" ಎಂದು ಅಲ್ಲಿ ಕುಳಿತಿದ್ದ ಹೆಂಗಸನ್ನು ಕೇಳಿದೆ.

"ದೀಪಾವಳಿ ಮುಂದ ಬಂತ್ರಿ ಬಾಯಾರ. ಇದೂ ನಿಮ್ಮದ ಅಲ್ಲೇನ್ರಿ?"

ನಾನು ಬಗ್ಗಿ ನೋಡಿದೆ. ಬೀಜ ಸಣ್ಣದಿರಲಿ ದೊಡ್ಡದಿರಲಿ, ಅಲಗು ಸಿಪ್ಪೆಯನ್ನಷ್ಟೇ ಸೀಳಿ ತಿರುಳನ್ನು ಮುಟ್ಟದೆ ನಿಲ್ಲುವಂತೆ ಮಾಡುವ ಹಿಡಿಕೆಯೊಂದನ್ನು ನಾನು ವರ್ಷಗಟ್ಟಲೆ ಒದ್ದಾಡಿ ಕಂಡುಕೊಂಡಿದ್ದೆ. ಅದಕ್ಕೆ ಪೇಟೆಂಟ್ ಸಿಕ್ಕಿತ್ತು. ಹಸಿರು ಯಂತ್ರದಲ್ಲಿ ಅದೇ ಹಿಡಿಕೆ ಇತ್ತು. ಬಲಗಡೆಯ ತಗಡಿನಲ್ಲಿ ಒಂದು ತೂತೂ ಇತ್ತು. ಮೊದಲು ದೀಪ ಕೂರಿಸಲೆಂದು ನನ್ನ ಯಂತ್ರದಲ್ಲಿ ಬಿಟ್ಟಿದ್ದ ತೂತು ಅದು. ಆಮೇಲೆ ದೀಪ ಕೈಬಿಟ್ಟೆ, ತೂತು ಉಳಿಯಿತು. ಯಾವ ಕೆಲಸಕ್ಕೂ ಬಾರದ ಅದನ್ನೂ ಬಿಡದೆ ನಕಲು ಮಾಡಿದ್ದರು. ಕಿರುಬೆರಳನ್ನು ಅದರೊಳಗೆ ತೂರಿಸಿದೆ. ಸರಿಯಾಗಿ ಕೂತಿತು.

ಆಮೇಲೆ ತಗಡಿನ ಮೂಲೆಗಳನ್ನು ಮುಟ್ಟಿ ನೋಡಿದೆ. ಕೈಗೆ ತಾಗದಂತೆ ಅರದಿಂದ ಉಜ್ಜಿ ದುಂಡಗೆ ಮಾಡಿದ್ದರು. ಹಾಗೆ ಉಜ್ಜುವವನು ಬೆಳಗಾವಿಯ ನಮ್ಮ ಗಲ್ಲಿಯಲ್ಲಿ ಒಬ್ಬನೇ ಇದ್ದ.

ಅವನದು ನನ್ನ ಗೋಡೆಗೆ ಹತ್ತಿದ ವರ್ಕ್‌ಶಾಪು. ಆ ಗಲ್ಲಿಯಲ್ಲಿ ಷಟರ್ ಎತ್ತುವ ಹೆಂಗಸು ನಾನೊಬ್ಬಳೇ. ಬಂದ ಹೊಸದರಲ್ಲಿ ಗಿರಾಕಿಗಳು "ಸಾಹೇಬರು ಎಲ್ಲಿ?" ಎಂದು ಕೇಳಿದರೆ, "ಇವರ ನೋಡ್ರಿ ಸಾಹೇಬರು, ಮಾತಾಡ್ರಿ" ಎಂದು ಪಕ್ಕದಿಂದ ಕೂಗಿ ಹೇಳುತ್ತಿದ್ದವನು ಅವನು. ನನ್ನ ಯಂತ್ರದ ಬಿಡಿಭಾಗಗಳೆಲ್ಲ ಅವನ ಲೇಥಿನಲ್ಲೇ ಆಗುತ್ತಿದ್ದವು. ಪೇಟೆಂಟ್ ಸಿಕ್ಕ ದಿನ ಕುಂದಾ ತಂದು ಇಡೀ ಗಲ್ಲಿಗೆ ಹಂಚಿದವನೂ ಅವನೇ.

ವಕೀಲರಿಗೆ ಎಲ್ಲ ಹೇಳಿದೆ. "ನೋಟಿಸ್ ಹೋಗೂತನಕ ಅವರ ಮುಂದ ಏನೂ ಮಾತಾಡಬ್ಯಾಡ್ರಿ. ಸಾಮಾನು ಮುಚ್ಚಿಟ್ಟಾರು" ಎಂದರು. ನೋಟಿಸ್ ತಯಾರಾಗಲು ವಾರಗಳೇ ಹಿಡಿದವು. ಅಷ್ಟೂ ದಿನ ಮಧ್ಯಾಹ್ನ ನಾವಿಬ್ಬರೂ ಎಂದಿನಂತೆ ಎದುರುಬದುರು ಕೂತು ಡಬ್ಬಿ ಬಿಚ್ಚಿದೆವು. ಅವನ ಮನೆಯ ಶೇಂಗಾ ಚಟ್ನಿ ನನ್ನ ರೊಟ್ಟಿಯ ಮೇಲೆ ಬೀಳುತ್ತಿತ್ತು.

"ಯಾಕ ಅಕ್ಕಾರ, ಆರಾಮ ಇಲ್ಲೇನ್ರಿ?" ಎಂದು ಒಂದು ದಿನ ಕೇಳಿದ.

"ಆರಾಮ ಅದೀನಿ" ಎಂದೆ. ಈ ವಿಷಯವನ್ನು ಯಾರೊಂದಿಗಾದರೂ ಹೇಳಿಕೊಳ್ಳಬೇಕೆನಿಸಿತು. ಇಂಥ ಸಂಕಟ ಹೇಳಿಕೊಳ್ಳಲು ನನಗಿದ್ದವನು ಅವನೊಬ್ಬನೇ.

ನೋಟಿಸ್ ಮುಟ್ಟಿದ ದಿನ ಅವನು ನನ್ನ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

"ಬಾಯಿಲೆ ಒಂದ ಮಾತು ಹೇಳಿದ್ರ ಸಾಕಾಗ್ತಿತ್ತಲ್ರಿ ಅಕ್ಕಾರ. ವಕೀಲರ ಕಡಿಂದ ಯಾಕ ಹೇಳಿಸಿದ್ರಿ?"

"ನೀ ಮಾಡೂ ಮುಂದ ನನಗ ಒಂದ ಮಾತು ಹೇಳಿದ್ಯೇನು?"

"ಗಿರಾಕಿ ಬಂದು ಇಂಥಾದ್ದ ಮಾಡಿ ಕೊಡು ಅಂದ, ಮಾಡಿ ಕೊಟ್ಟೆ. ನಮ್ಮ ಗಲ್ಲಿಯಾಗ ಎಲ್ಲಾರೂ ಹಿಂಗ ಮಾಡೂದು. ಪಂಪ್ ನೋಡಿ ಪಂಪ್ ಮಾಡ್ತಾರ. ಅದಕ್ಕ ಯಾರರ ಕೋರ್ಟಿಗೆ ಹೋಗ್ಯಾರೇನ್ರಿ?"

"ಉಳಿದವರಿಗೆ ಅದೊಂದು ಯಂತ್ರ, ತಮ್ಮಾ. ಅದು ನನ್ನ ತಲಿಯಿಂದ ಹೆಂಗ ಬಂತು, ಎಷ್ಟ ಸಲ ಕೆಟ್ಟು ಸರಿ ಆತು ಅಂತ ನೋಡಿದಾವ ನೀ ಒಬ್ಬನ."

ಅವನು ಹೊರಟುಹೋದ. ಗೋಡೆಯಾಚೆ ಅವನ ಷಟರ್ ಇಳಿದ ಸದ್ದು ಕೇಳಿತು.

ಕೋರ್ಟಿನವರೆಗೆ ಹೋಗಲಿಲ್ಲ. ಇನ್ನು ಮುಂದೆ ಆ ಯಂತ್ರ ಮಾಡುವುದಿಲ್ಲವೆಂದು ಅವನು ಬರೆದುಕೊಟ್ಟ. ಆಗಲೇ ಮಾರಿದ್ದ ಯಂತ್ರಗಳ ತಂಟೆಗೆ ಹೋಗುವುದು ಬೇಡವೆಂದು ನಾನೂ ವಕೀಲರಿಗೆ ಹೇಳಿದೆ. ಖಾನಾಪುರದ ಆ ಹೆಂಗಸರ ಕೈಕೆಲಸ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಅವನು ವರ್ಕ್‌ಶಾಪನ್ನು ಊರಾಚೆಯ ಪೀರನವಾಡಿಗೆ ಒಯ್ದ. ಲೇಥನ್ನು ಕ್ರೇನಿನಿಂದ ಟ್ರಕ್ಕಿಗೆ ಏರಿಸುವಾಗ ನಾನು ಒಳಗೇ ಇದ್ದೆ. ಗೋಡೆಯಾಚೆ ಇಷ್ಟು ವರ್ಷ ಇದ್ದ ಸದ್ದು ಹೋಯಿತು. ಈಗ ಅಲ್ಲಿ ಯಾರದೋ ಗೋಡೌನ್ ಇದೆ, ಇಡೀ ದಿನ ಬೀಗ ಹಾಕಿರುತ್ತದೆ.

ನಾನು ಗೆದ್ದೆ ಎಂದೇ ಎಲ್ಲರೂ ಹೇಳುತ್ತಾರೆ. ನಾನು ಮಾಡಿದ್ದು ತಪ್ಪೆಂದು ನನಗೆ ಇವತ್ತಿಗೂ ಅನಿಸಿಲ್ಲ. ಆದರೆ ನಾನು ಗಲ್ಲಿಯ ಚಹಾದಂಗಡಿಗೆ ಹೋದರೆ ಅಲ್ಲಿನ ಮಾತು ಬದಲಾಗುತ್ತದೆ. ಯಾರೋ ಬೆಂಚಿನ ಮೇಲೆ ಹಾಸಿಕೊಂಡ ಡ್ರಾಯಿಂಗನ್ನು ಸುರುಳಿ ಸುತ್ತಿ, "ಬರ್ರಿ ಮೇಡಂ, ಕುಂದರ್ರಿ" ಎಂದು ಜಾಗ ಬಿಡುತ್ತಾರೆ. ಮರ್ಯಾದೆಗೆ ಏನೂ ಕಡಿಮೆಯಿಲ್ಲ.

ಈ ವರ್ಷ ಹೊಸ ಯಂತ್ರಕ್ಕೆ ಕೈ ಹಾಕಿದ್ದೇನೆ. ಬಿಡಿಭಾಗ ಮಾಡಿಕೊಡಲು ಅನಗೋಳದ ಟರ್ನರ್ ಒಬ್ಬರು ಒಪ್ಪಿದ್ದಾರೆ. ಡ್ರಾಯಿಂಗನ್ನು ಬೇರೆಯವರಿಗೆ ತೋರಿಸುವುದಿಲ್ಲವೆಂಬ ಕರಾರಿಗೆ ಅವರಿಂದ ಸಹಿ ಹಾಕಿಸಿಕೊಂಡೆ. ಹೋದ ವಾರ ಒಂದು ಶಾಫ್ಟ್ ತಂದುಕೊಟ್ಟರು. ಡ್ರಾಯಿಂಗಿನಲ್ಲಿದ್ದ ಹಾಗೆಯೇ ಇತ್ತು. ಆದರೆ ಪುಲ್ಲಿ ಕೂರಬೇಕಾದ ಜಾಗವನ್ನು ನಾನೇ ತಪ್ಪು ತುದಿಗೆ ಬರೆದಿದ್ದೆ.

"ಮಾಡೂ ಮುಂದ ನಿಮಗ ಸಂಶಯ ಬರಲಿಲ್ಲೇನ್ರಿ?" ಎಂದೆ.

"ಬಂತ್ರಿ. ಆದ್ರ ಕೇಳಬಾರದು ಅಂತ ಸಹಿ ಮಾಡೇನಲ್ರಿ."

"ಕೇಳಬಾರದು ಅಂತ ಅದರಾಗ ಇಲ್ಲರಿ."

"ಇರಲಿಕ್ಕಿಲ್ಲರಿ. ನಿಮ್ಮ ಸುದ್ದಿ ಎಲ್ಲಾರಿಗೂ ಗೊತ್ತೈತಿ ನೋಡ್ರಿ, ಯಾಕ ಬೇಕು ಅಂತ ಸುಮ್ಮನಾದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಡ್ರಾಯಿಂಗ್ ತಿದ್ದಿ ಕೊಟ್ಟೆ. ಅವರು ಅದನ್ನು ಮಡಚಿ ಅಂಗಿಯ ಜೇಬಿಗೆ ಸೇರಿಸಿ, ನಾನು ಚಹಾ ತರಿಸುತ್ತೇನೆ ಅನ್ನುವಷ್ಟರಲ್ಲಿ ಸ್ಕೂಟರ್ ಚಾಲೂ ಮಾಡಿದ್ದರು.