ದಪ್ಪಕ್ಷರದ ಪಂಚಾಂಗ

ಜಾಗದ ವಿಷಯದಲ್ಲಿ ಗಿರಿಧರನಷ್ಟು ಜಿಪುಣ ಹೊಳೆನರಸೀಪುರದಲ್ಲೇ ಇರಲಿಲ್ಲ. ಆಗಷ್ಟೇ ಬಂದಿದ್ದ ಸ್ಮಾರ್ಟ್‌ಫೋನುಗಳಲ್ಲಿ ಮೆಮೊರಿ ಎಂಬುದು ಗೋಡೆಯ ಗೂಡಿನಷ್ಟು. ಅದರೊಳಗೆ ವರ್ಷದ ಪಂಚಾಂಗ ತುರುಕುವ ಪ್ರೋಗ್ರಾಂ ಬರೆಯುವುದು ಅವನ ಕಸುಬು, ಬೇಡದ್ದನ್ನು ಕಿತ್ತೆಸೆಯುವುದು ಅವನ ಹಬ್ಬ. ಗಂಟೆಯ ಸದ್ದು ಹೋಯಿತು, ಬಣ್ಣ ಹೋಯಿತು, ಬರೆದವನ ಹೆಸರೂ ಹೋಯಿತು. ಊಟಕ್ಕೆ ಕೂತರೂ ಪಲ್ಯ, ಕೋಸಂಬರಿಗಳನ್ನು ಎಲೆಯ ಒಂದೇ ಮೂಲೆಗೆ ಒತ್ತರಿಸಿ, “ನೋಡಿ, ಎಷ್ಟು ಜಾಗ ಉಳೀತು!” ಎನ್ನುತ್ತಿದ್ದ. ಹಳ್ಳಿಮೈಸೂರಿನ ಗಿರಾಕಿ ಪಾಲಾಕ್ಷ, “ಸಾ, ಒಂದು ದೇವ್ರ ಪಟನಾದ್ರೂ ಆಕ್ಕೊಡಿ” ಎಂದರೆ, “ದೇವ್ರು ಎಲ್ಲಾ ಕಡೆ ಇದಾನೆ ಕಣ್ರೀ, ಇಲ್ಲೂ ಯಾಕೆ ಜಾಗ ಕೊಡ್ಲಿ?” ಎಂಬ ಉತ್ತರ ಸಿದ್ಧ. ಫೋನಿಗೆ ಕನ್ನಡವೇ ಬಾರದಿದ್ದ ಕಾಲ ಅದು. ಅಕ್ಷರಗಳನ್ನೆಲ್ಲ ಚುಕ್ಕಿಚುಕ್ಕಿಯಾಗಿ ತಾನೇ ಬಿಡಿಸಿದ ಈ ಜಿಪುಣ, ಒಂದೊಂದನ್ನೂ ಹೋಳಿಗೆಯಷ್ಟಗಲ ಮಾಡಿ, ಅರ್ಧ ಗೂಡನ್ನು ಅವಕ್ಕೇ ಬಿಟ್ಟುಕೊಟ್ಟಿದ್ದ. “ಈ ಅಕ್ಸರಗಳ್ನ ಯಾಕ್ ಸಾ ಸಣ್ಣ ಮಾಡ್ಲಿಲ್ಲ?” ಎಂದು ಪಾಲಾಕ್ಷ ಕೇಳಿದ ದಿನ ಗಿರಿಧರ ಜಗಲಿಯತ್ತ ಕೈ ತೋರಿಸಿದ. ಕಣ್ಣು ಮಂಜಾದಂದಿನಿಂದ ತಿಥಿ ಯಾವುದೆಂದು ದಿನಾ ಪಕ್ಕದ ಮನೆಯ ಹಂಸಳನ್ನು ಕೇಳುತ್ತಿದ್ದ ಅವನ ತಾಯಿ ಚೂಡಾಮಣಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: “ಏ ಹಂಸಾ, ನಾಳೆ ಏಕಾದಶಿ ಕಣೇ! ಇಡ್ಲಿಗೆ ನೆನೆ ಹಾಕ್ಬಿಟ್ಟೀಯ!”