ಜರಡಿ ಸಾಹೇಬರ ಒಂದು ಫೋನು

ಕಚೇರಿಯಲ್ಲಿ ಎಲ್ಲರೂ ಬೆನ್ನ ಹಿಂದೆ ಅವರನ್ನು ಜರಡಿ ಸಾಹೇಬರು ಎನ್ನುತ್ತಿದ್ದರು. ಕೈಲಾಗದವರನ್ನು, ಹಾಸಿಗೆ ಹಿಡಿದವರನ್ನು ಮನೆಯವರೇ ಹೊಡೆದು ಬಡಿದು ಮಾಡುತ್ತಾರೆಂಬ ದೂರುಗಳೆಲ್ಲ ಮೊದಲು ಬಂದು ಬೀಳುವುದು ಇವರ ಮೇಜಿಗೆ. ಯಾವುದು ತನಿಖೆಗೆ, ಯಾವುದು ಮೂಲೆಗೆ ಎಂದು ಸೋಸುವುದೇ ಇವರ ಉದ್ಯೋಗ. ಜರಡಿ ಎಂದ ಮೇಲೆ ಒಂದಷ್ಟಾದರೂ ಉಳಿಯಬೇಕಲ್ಲ? ಇಪ್ಪತ್ತೆರಡು ವರ್ಷದಲ್ಲಿ ಇವರ ಜರಡಿಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಅದಕ್ಕೇ ಮೇಲಿನವರಿಗೆ ಇವರೆಂದರೆ ಅಚ್ಚುಮೆಚ್ಚು.

ಎದ್ದು ಹೋಗಿ ಕಣ್ಣಾರೆ ನೋಡಿ ಬರುವ ಜಾಯಮಾನ ಇವರದಲ್ಲ. ದೂರು ಬಂದ ಮನೆಗೇ ಫೋನು ಮಾಡುವುದು, "ನಿಮಗೇನಾದ್ರೂ ತೊಂದರೆ ಇದೆಯಾ?" ಎಂದು ಕೇಳುವುದು, "ಇಲ್ಲ" ಎಂದರೆ "ದೂರವಾಣಿಯಲ್ಲಿ ಖಚಿತಪಡಿಸಿಕೊಳ್ಳಲಾಗಿದೆ" ಎಂಬ ಮೊಹರು ಒತ್ತುವುದು. ಆ ಮೊಹರನ್ನು ತಾವೇ ಮುತುವರ್ಜಿಯಿಂದ ಮಾಡಿಸಿಟ್ಟುಕೊಂಡಿದ್ದರು, ಮಹಾನುಭಾವರು. ಪಕ್ಕದ ಮೇಜಿನ ಗುಮಾಸ್ತೆ ಒಮ್ಮೆ, "ಹೊಡೆಯೋರು ಅಲ್ಲೇ ನಿಂತಿದ್ರೆ ಹೊಡೆಸ್ಕೊಳ್ಳೋರು ಏನಂತ ಹೇಳ್ತಾರೆ ಸರ್?" ಎಂದದ್ದುಂಟು. "ನಿಂಗೆ ಅನುಭವ ಸಾಲದು ಕಣಮ್ಮ" ಎಂದು ಬಾಯಿ ಮುಚ್ಚಿಸಿದ್ದರು.

ಒಂದು ಬೆಳಿಗ್ಗೆ ಬಂದ ಕಾಗದ ಓದಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಬರೆದವಳು ಮನೆಮನೆಗೆ ಹೋಗಿ ಆರೈಕೆ ಮಾಡುವ ದಾದಿ. ಲಕ್ವ ಹೊಡೆದು ಎರಡೂ ಕೈ ಬಿದ್ದುಹೋದ ಹೆಂಗಸೊಬ್ಬಳ ತೋಳಿನ ತುಂಬ ಚಿವುಟಿದ ಗಾಯ; ಗಂಡನ ಮೇಲೇ ಅನುಮಾನ. ವಿಳಾಸ ಸಾಹೇಬರ ಅಕ್ಕನದು. ತಾಯಿ ಸತ್ತ ಮೇಲೆ ಇವರಿಗೆ ಕೈತುತ್ತು ಹಾಕಿ ಸಾಕಿದ ಅಕ್ಕ. ಭಾವನೋ, ಈ ಕುರ್ಚಿ ಕೊಡಿಸಿದ ಪುಣ್ಯಾತ್ಮ.

ಮನೆ ಇದ್ದದ್ದು ಎರಡೇ ಬೀದಿ ಆಚೆ. ಎದ್ದು ಓಡಬೇಕಿತ್ತು. ಸಾಹೇಬರು ಫೋನು ಎತ್ತಿದರು.

"ಭಾವ, ಯಾರೋ ದಾದಿ ಏನೇನೋ ಬರೆದಿದ್ದಾಳೆ. ಅಕ್ಕನಿಗೆ ಸ್ವಲ್ಪ ಕೊಡಿ."

ಸ್ವಲ್ಪ ಹೊತ್ತಿಗೆ ಅಕ್ಕನ ದನಿ ಬಂತು. "ಚೆನ್ನಾಗಿದೀನಿ ಕಣೋ. ನಂಗೇನೂ ತೊಂದರೆ ಇಲ್ಲ."

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. ಮೊಹರಿಗೆ ಶಾಯಿ ಹಚ್ಚಿ ಒತ್ತಿದರು. ಶಾಯಿ ಆರುವ ಹೊತ್ತಿಗೆ ತಲೆಗೆ ಹೊಳೆಯಿತು: ಅಕ್ಕನ ಕೈ ಏಳುವುದಿಲ್ಲ. ಹಾಗಾದರೆ ಫೋನನ್ನು ಅವಳ ಕಿವಿಗೆ ಹಿಡಿದಿದ್ದವರು ಯಾರು? ಇಪ್ಪತ್ತೆರಡು ವರ್ಷ ಹೊಳೆಯದಿದ್ದದ್ದು ಈಗ ಹೊಳೆದದ್ದೂ ಸ್ವಂತ ಅಕ್ಕನಾದ್ದರಿಂದ. ಇನ್ಯಾರದೋ ಅಕ್ಕನಾಗಿದ್ದರೆ ಇಷ್ಟು ಹೊತ್ತಿಗೆ ಊಟದ ಡಬ್ಬಿ ಬಿಚ್ಚಿರುತ್ತಿದ್ದರು.

ಏದುಸಿರು ಬಿಡುತ್ತ ಹೋದರು. ಭಾವ ಬಾಗಿಲು ತೆರೆದು, "ಬಾರಪ್ಪ, ಬಾ" ಎಂದು ನಕ್ಕ. ಒಳಕೋಣೆಯಲ್ಲಿ ಅಕ್ಕನ ತುಟಿ ಒಡೆದು ರಕ್ತ ಇನ್ನೂ ಹಸಿಯಾಗಿತ್ತು. ದಾದಿಯ ಕಾಗದದಲ್ಲಿ ತುಟಿಯ ಮಾತೇ ಇರಲಿಲ್ಲ.

ಸಾಹೇಬರು ಮಂಚದ ಪಕ್ಕ ಕೂತರು. ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು:

"ಇನ್ನೊಂದ್ಸಲ ಫೋನ್ ಮಾಡ್ಬೇಡ ಕಣೋ."