ಮೆಟ್ಟಿಲಿಳಿಯುತ್ತಾ ಬರೆದ ಬ್ಲಾಗು

ಅಣ್ಣ ಆಫೀಸಿಗೆ ಬಂದು ಮೊದಲು ಮಾಡುತ್ತಿದ್ದ ಕೆಲಸವೆಂದರೆ ನಮ್ಮದೇ ಬ್ಲಾಗನ್ನು ಹುಡುಕುವುದು. ‘ಮಾರಾಟಕ್ಕೆ ಮನೆ’ ಎಂದು ಟೈಪ್ ಮಾಡಿ, ನಮ್ಮ ಹೆಸರು ಎಲ್ಲರಿಗಿಂತ ಮೇಲೆ ಬಂದಿರುವುದನ್ನು ಕಣ್ತುಂಬ ನೋಡಿ, “ಇವತ್ತೂ ನಾವೇ ಮೊದಲು ಕಣೋ” ಎಂದು ನನಗೆ ಹೇಳಿದ ಮೇಲೇ ಅವನಿಗೆ ಕಾಫಿ ಇಳಿಯುತ್ತಿತ್ತು. ಫೋನು ಮಾತ್ರ ತೆಪ್ಪಗೆ ಬಿದ್ದಿರುತ್ತಿತ್ತು. ಅಷ್ಟು ಮೇಲಿರುವ ನಮಗೆ ಒಬ್ಬನಾದರೂ ಯಾಕೆ ಫೋನ್ ಮಾಡುವುದಿಲ್ಲ ಎಂದು ಅವನೂ ಕೇಳಿಕೊಳ್ಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮದು ಮನೆ ಕೊಡಿಸುವ, ಮಾರಿಸುವ ವ್ಯವಹಾರ. ಟೈಲರ್ ಅಂಗಡಿಯ ಮೇಲೆ ಒಂದೇ ಕೋಣೆ. ಗೋಡೆ ತುಂಬ ಮೊಳೆ, ಮೊಳೆಗೊಂದು ಬೀಗದ ಕೈ. ಅಣ್ಣ ಯಜಮಾನ, ನಾನು ಮನೆ ತೋರಿಸುವವನು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಅತ್ತಿಗೆ. ಬ್ಲಾಗಿಗೆ ಬರೆಯುವುದು ಅವರ ಪಾಲಿಗೆ ಬಂದ ಕೆಲಸ. ಅಣ್ಣ ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತಿದ್ದರು. ಅಣ್ಣ ಹೇಳುತ್ತಿದ್ದುದೂ ಒಂದೇ: ಇದು ನಿಮ್ಮ ಕನಸಿನ ಮನೆ, ಬೇಗ ಬನ್ನಿ.

ಒಂದು ದಿನ ಅತ್ತಿಗೆ, ಮನೆ ನೋಡಲು ಬಂದ ಹೆಂಗಸೊಬ್ಬರ ಫೋನಿನಲ್ಲಿ ‘ಮಾರಾಟಕ್ಕೆ ಮನೆ’ ಎಂದು ಹುಡುಕಿಸಿದರು. ಪುಟದ ಮೇಲೆ ಪುಟ ತಿರುಗಿಸಿದರೂ ನಮ್ಮ ಸುಳಿವಿಲ್ಲ. ಆಫೀಸಿಗೆ ಬಂದು ಚಪ್ಪಲಿ ಕಳಚುವ ಮೊದಲೇ ಹೇಳಿದರು: “ರೀ, ನಾವು ಮೊದಲೂ ಇಲ್ಲ, ಕೊನೆಗೂ ಇಲ್ಲ.”

“ದಿನಾ ನೋಡ್ತೀನಲ್ಲೇ?”

“ನೀವು ದಿನಾ ನಮ್ಮ ಬ್ಲಾಗನ್ನೇ ಒತ್ತಿ ಒತ್ತಿ ಈ ಕಂಪ್ಯೂಟರ್‌ಗೆ ನಿಮ್ಮ ಆಸೆ ಏನೂಂತ ಗೊತ್ತಾಗಿಬಿಟ್ಟಿದೆ. ಅದಕ್ಕೇ ನಿಮಗೆ ಮಾತ್ರ ಮೇಲೆ ತೋರಿಸ್ತಾ ಇದೆ.”

ಅಣ್ಣನ ಮುಖ ನೋಡಲಾಗಲಿಲ್ಲ. ಊರೂರಲ್ಲಿ ಬ್ರಾಂಚ್ ಇರುವ ಒಂದು ಕಂಪನಿ, ಆಫೀಸನ್ನು ನಮಗೆ ಬಿಟ್ಟುಕೊಡಿ ಎಂದು ಆಗಲೇ ಅವನ ಬೆನ್ನು ಹತ್ತಿತ್ತು. ಬಾಗಿಲ ಮೇಲೆ ಅವರ ಬೋರ್ಡು ಬರುತ್ತದೆ, ಅಣ್ಣನೂ ನಾನೂ ಅವರ ಕೆಳಗೆ ದುಡಿಯಬೇಕು. ಬರೆಯುವವರು ಅವರಲ್ಲೇ ಇದ್ದಾರೆ, ಹಾಗಾಗಿ ಅತ್ತಿಗೆಯ ಕುರ್ಚಿ ಬೇಕಿಲ್ಲ. ಅಲ್ಲಿಯವರೆಗೆ ಮೀನಮೇಷ ಎಣಿಸುತ್ತಿದ್ದ ಅಣ್ಣ ಆ ಸಂಜೆ ಒಪ್ಪಿಬಿಟ್ಟ. ಶಾಲೆಯ ರಜೆ ಮುಗಿದ ಮೇಲೆ ಸಹಿ ಎಂದಾಯಿತು.

“ಅಲ್ಲೀತನಕ ಬ್ಲಾಗನ್ನ ನನ್ನ ಕೈಗೆ ಬಿಡಿ. ಮಧ್ಯ ಬಾಯಿ ಹಾಕಬೇಡಿ,” ಎಂದರು ಅತ್ತಿಗೆ. ಹತ್ತು ವರ್ಷ ಕೂತ ಕುರ್ಚಿ ಅದು. ಬೀಗದ ಕೈಗಳಿಗೆ ಬಣ್ಣದ ದಾರ ಕಟ್ಟಿ ಈ ಕೋಣೆಯನ್ನು ಆಫೀಸು ಮಾಡಿದವರೇ ಅವರು.

ಮೊದಲು ಮಾರಿಹೋದ ಮನೆಗಳ ಪುಟಗಳನ್ನೆಲ್ಲ ಕಿತ್ತು ಹಾಕಿದರು. ತೆರೆದುಕೊಳ್ಳಲು ಯುಗ ಹಿಡಿಯುತ್ತಿದ್ದ ಭಾರೀ ಫೋಟೋಗಳನ್ನು ಚಿಕ್ಕದು ಮಾಡಿಸಿದರು. ‘ಕನಸಿನ ಮನೆ’ ಎಲ್ಲೆಲ್ಲಿತ್ತೋ ಅಲ್ಲೆಲ್ಲ ಅಳಿಸಿದರು. ಆಮೇಲೆ ಮನೆ ತೋರಿಸಲು ನನ್ನ ಜೊತೆ ಹೊರಟರು.

ಮನೆ ನೋಡುವವರು ಒಳಗಿರುವಾಗ ಎಲ್ಲವನ್ನೂ ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತಾರೆ. ಮನಸ್ಸಿನ ಮಾತು ಹೊರಬೀಳುವುದು ಮೆಟ್ಟಿಲಿಳಿಯುವಾಗ, ತಮ್ಮತಮ್ಮಲ್ಲೇ. ನಾನು ಮುಂದೆ ದಡದಡ ಇಳಿದುಬಿಡುತ್ತಿದ್ದೆ. ಅತ್ತಿಗೆ ಎಲ್ಲರಿಗಿಂತ ಹಿಂದೆ, ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬರುತ್ತಿದ್ದರು. ಬೀರು ಈ ತಿರುವಿನಲ್ಲಿ ಹತ್ತುತ್ತಾ? ಮಧ್ಯಾಹ್ನದ ಬಿಸಿಲು ಯಾವ ಕೋಣೆಗೆ ಹೊಡೆಯುತ್ತೆ? ಪಕ್ಕದ ಮನೆ ಮಿಕ್ಸಿ ಸದ್ದು ಮಲಗೋ ಕೋಣೆಗೆ ಕೇಳುತ್ತಾ? ಎಲ್ಲವೂ ಅವರ ಕಿವಿಗೆ ಬೀಳುತ್ತಿತ್ತು. ಭಲೇ ಕಿವಿ ಅತ್ತಿಗೆ ನಿಮ್ಮದು ಎಂದು ನಾನು ರೇಗಿಸುತ್ತಿದ್ದೆ.

“ಸರ್ಚ್‌ನಲ್ಲಿ ಜನ ಕೇಳೋದೂ ಇದನ್ನೇ ಕಣೋ. ಕನಸಿನ ಮನೆ ಎಲ್ಲಿದೆ ಅಂತ ಯಾರು ಕೇಳ್ತಾರೆ?”

ಆ ಪ್ರಶ್ನೆಗಳನ್ನೇ ಅವರು ತಲೆಬರಹ ಮಾಡಿದರು. ಉತ್ತರ ಬರೆಯುವ ಮುನ್ನ ಮತ್ತೆ ಹೋಗಿ, ಖಾಲಿ ಮನೆಯಲ್ಲಿ ಮಧ್ಯಾಹ್ನವಿಡೀ ಕೂತು ಬಿಸಿಲು ನೋಡುತ್ತಿದ್ದರು. ಕೆಳಗಿನವರು ಸ್ನಾನಕ್ಕಿಳಿಯುವ ಹೊತ್ತಿಗೆ ಸರಿಯಾಗಿ ಮೇಲಿನ ನಲ್ಲಿ ತಿರುಗಿಸುತ್ತಿದ್ದರು. ನೀರು ಸಣ್ಣಗೆ ಬಂದರೆ ಸಣ್ಣಗೆ ಬರುತ್ತದೆ ಎಂದೇ ಬರೆದರು. ಓದಿದ ಮನೆ ಮಾಲೀಕನೊಬ್ಬ ಫೋನಿನಲ್ಲೇ ಕೆಂಡ ಕಾರಿದ. ಅಣ್ಣ ಬೆವೆತ. ಅತ್ತಿಗೆ ಫೋನು ತೆಗೆದುಕೊಂಡು, “ಬಂದವರು ಹೇಗೂ ನಲ್ಲಿ ತಿರುಗಿಸಿ ನೋಡ್ತಾರೆ ಸಾರ್. ಮೊದಲೇ ಗೊತ್ತಿದ್ರೆ ನಿಮಗೂ ಸುಮ್ಮನೆ ಬಾಗಿಲು ತೆಗೆಯೋ ಕಷ್ಟ ಇರಲ್ಲ,” ಎಂದರು. ಅಂಥ ಗಟ್ಟಿಗಿತ್ತಿ. ಇದನ್ನು ಅವರೆದುರು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ನಾವು ಎಷ್ಟನೆಯವರು ಎಂದು ನೋಡಲು ಕೆಳಗಿನ ಟೈಲರ್ ಫೋನು. “ಹುಡುಕಿ, ಆದ್ರೆ ನಮ್ಮದನ್ನ ಒತ್ತಬೇಡಿ,” ಎಂದು ಅತ್ತಿಗೆ ತಾಕೀತು ಮಾಡಿದ್ದರು. “ಮನೆ ಕೊಡಿಸ್ತೀರೋ, ಬರೀ ಹುಡುಕಿಸ್ತೀರೋ?” ಎಂದು ಗೊಣಗುತ್ತಲೇ ಅವನು ಹುಡುಕುತ್ತಿದ್ದ. ಬಂದವರು ಓದುತ್ತಾ ಕೂರುವ ಪುಟ ಮೇಲೇರುತ್ತದಂತೆ. ವಾರ ವಾರಕ್ಕೆ ನಾವು ಇರುವೆಯ ಹಾಗೆ ಮೇಲೆ ಹತ್ತಿದೆವು. ಅಣ್ಣ “ಎಷ್ಟನೇದು?” ಎಂದಷ್ಟೇ ಕೇಳುತ್ತಿದ್ದ. ಏನು ಬರೆದಿದೆ ಎಂದು ಒಂದು ದಿನವೂ ಓದಿದವನಲ್ಲ. ಫೋನು ಅಲ್ಲೊಂದು ಇಲ್ಲೊಂದು ಬರತೊಡಗಿತ್ತು, ಆದರೂ ಕೊಟ್ಟ ಮಾತು ಹಿಂತೆಗೆದುಕೊಳ್ಳುವಷ್ಟು ಧೈರ್ಯ ಅವನಿಗೆ ಬರಲಿಲ್ಲ.

ಸಹಿಯ ದಿನ ಬಂತು. ಮಧ್ಯಾಹ್ನ ಕಂಪನಿಯವರು ಬರಬೇಕು. ಅತ್ತಿಗೆ ಎಂದಿನಂತೆ ಯಾವುದೋ ಮನೆಯ ಬೆಳಗಿನ ಬಿಸಿಲು ನೋಡಲು ಹೋಗಿದ್ದರು. ಆಸ್ಪತ್ರೆಯ ಯೂನಿಫಾರಂನಲ್ಲೇ ಒಬ್ಬ ನರ್ಸ್ ಮೇಲೆ ಬಂದರು. ಅವರ ತಾಯಿ ಹತ್ತಲಾರದೆ ಕೆಳಗೆ ಟೈಲರ್ ಅಂಗಡಿಯಲ್ಲಿ ಕೂತಿದ್ದರು.

“ಮಂಡಿ ನೋವಿನ ಮೇಡಂ ಇದ್ದಾರಾ?”

“ಅಂಥವರು ಯಾರೂ ಇಲ್ಲಮ್ಮ ಇಲ್ಲಿ,” ಎಂದ ಅಣ್ಣ.

“ನಿಮ್ಮ ಬ್ಲಾಗೇ ಅಲ್ವಾ ಸಾರ್ ಇದು? ಮಂಡಿ ನೋವಿದ್ರೆ ಎಷ್ಟನೇ ಮಹಡಿ ತಗೋಬಹುದು ಅಂತ ಹುಡುಕಿದೆ, ಇದೇ ಮೊದಲು ಬಂತು. ಅಮ್ಮನಿಗೆ ಓದಿ ಹೇಳಿದೆ. ಈ ಮೇಡಂ ತೋರಿಸಿದ ಮನೆ ಬಿಟ್ಟು ಬೇರೆ ನೋಡಲ್ಲ ಅಂತಾರೆ.”

ಅವರು ಫೋನು ಮುಂದೆ ಹಿಡಿದರು. ಅಣ್ಣ ಮೊದಲ ಬಾರಿಗೆ ತನ್ನ ಹೆಂಡತಿ ಬರೆದದ್ದನ್ನು ಓದಿದ: ‘ನನ್ನ ಎಡ ಮಂಡಿ ಎರಡು ವರ್ಷದಿಂದ ಸರಿಯಿಲ್ಲ. ಹತ್ತುವಾಗ ಹೇಗೋ ತಡೆದುಕೊಳ್ಳುತ್ತೇನೆ, ಇಳಿಯುವಾಗ ಜೀವ ಹೋಗುತ್ತದೆ. ಮೆಟ್ಟಿಲು ಹತ್ತಿ ನೋಡಿ ಮನೆ ಒಪ್ಪಬೇಡಿ. ಇಳಿದು ನೋಡಿ ಒಪ್ಪಿಕೊಳ್ಳಿ.’

“ಎಡ ಮಂಡಿನಾ?” ಎಂದು ಅಣ್ಣ ನನ್ನನ್ನು ಕೇಳಿದ. ಆ ಸಾಲಿನ ಪಕ್ಕ ಫೋಟೋ ಹಾಕಿದವನೇ ನಾನು. ಸುಮ್ಮನೆ ಬರೆಯುವ ವರಸೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಕೆಳಗಿಂದ ಹೆಜ್ಜೆ ಸದ್ದು ಕೇಳಿಸಿತು. ಒಂದು ಮೆಟ್ಟಿಲು, ಸ್ವಲ್ಪ ತಡೆದು ಇನ್ನೊಂದು. ಹತ್ತು ವರ್ಷದಿಂದ ಕೇಳುತ್ತಿದ್ದ ಹೆಜ್ಜೆ, ಅದು ಬದಲಾಗಿದ್ದು ನಮ್ಮಿಬ್ಬರ ಕಿವಿಗೂ ಬಿದ್ದಿರಲಿಲ್ಲ. ಅಣ್ಣ ಎದ್ದು ಮೆಟ್ಟಿಲ ಅರ್ಧಕ್ಕೆ ಇಳಿದ.

“ನಿನ್ನ ಮಂಡಿ...”

“ಬ್ಲಾಗ್ ಓದಿದ್ರಾ?” ಅತ್ತಿಗೆಯ ಮುಖ ಅರಳಿತು. “ಅದು ಈಗ ಎಷ್ಟನೇದು ಗೊತ್ತಾ?”

“ಅದು ಹಾಳಾಗ್ಲಿ. ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ದೀನಲ್ಲ. ಎಲ್ಲರಿಗೂ ಕಾಣೋ ಹಾಗೆ ಬರೆದಿದ್ದೀನಿ.”

ಅಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತ. ಮಧ್ಯಾಹ್ನ ಬಂದ ಕಂಪನಿಯವನು ಕಾಫಿ ಕುಡಿದು, ಸಹಿ ಬೀಳದ ಕಾಗದಗಳನ್ನು ಬಂದ ಹಾಗೇ ಬ್ಯಾಗಿಗೆ ಹಾಕಿಕೊಂಡು ಹೋದ. ನರ್ಸಿನ ತಾಯಿಗೆ ಅತ್ತಿಗೆಯೇ ಒಂದು ಮನೆ ಹುಡುಕಿದರು. ಟೈಲರ್ ತನ್ನ ಅಂಗಡಿಯ ಹಿಂಬದಿ ಕೋಣೆ ಬಿಟ್ಟುಕೊಟ್ಟ ಮೇಲೆ ನಮ್ಮ ಆಫೀಸೂ ಕೆಳಗಿಳಿದು ಬಂತು, ಕಿಟಕಿ ಪಕ್ಕದ ಕುರ್ಚಿಯೂ ಬಂತು.

ಮನೆ ತೋರಿಸಲು ಈಗ ಅಣ್ಣನೂ ಬರುತ್ತಾನೆ. ಇಳಿಯುವಾಗ ಒಂದು ಮೆಟ್ಟಿಲು ಕೆಳಗೆ ನಿಂತು ಅತ್ತಿಗೆಗೆ ಕೈ ಕೊಡುತ್ತಾನೆ. “ಮುಂದೆ ಹೋಗ್ರೀ, ನೀವಿದ್ರೆ ಜನ ಬಾಯಿ ಬಿಡಲ್ಲ,” ಎಂದು ಅತ್ತಿಗೆ ಗದರುತ್ತಾರೆ. ಅವನು ಬಾಯಿ ಮುಚ್ಚಿಕೊಂಡು, ಕೈ ಬಿಡದೆ, ಅವರ ಹೆಜ್ಜೆಗೆ ಸರಿಯಾಗಿ ಇಳಿಯುತ್ತಾನೆ.